ಎರಡು ಬಿಳಿ ಕಾಳು

ನನ್ನ ಅಡುಗೆಮನೆಯ ಮೇಜಿನ ಮೇಲೆ ನಾನು ಜೋಡಿಸಿಟ್ಟ ಕಾಳನ್ನು ಮುಟ್ಟುವ ಧೈರ್ಯ ನಮ್ಮೂರು ರುರಿಪಂಪದಲ್ಲಿ ಯಾರಿಗೂ ಇಲ್ಲ. ಆವತ್ತು ಬೆಳಗ್ಗೆ ಅಬ್ದೋನ್ ಮುಟ್ಟಿದ. ಮುಟ್ಟಿದ್ದಷ್ಟೇ ಅಲ್ಲ, ಸಾಲಿನಲ್ಲಿದ್ದ ಎರಡು ಬಿಳಿ ಕಾಳನ್ನು ಬೆರಳ ತುದಿಯಿಂದ ಆಚೆ ತಳ್ಳಿ, ಟೋಪಿ ಸರಿಮಾಡಿಕೊಂಡು, "ಇವು ಯಾಕೆ ಫಾಸ್ತಾ? ಹುಡುಗಿ ನಮ್ಮೋಳೇ ಅಲ್ವಾ?" ಅಂದ.

ನನ್ನ ಮೈಯೆಲ್ಲ ಉರಿದುಹೋಯಿತು.

"ಕೈ ತೆಗಿ ಅಣ್ಣ," ಅಂದೆ.

"ಏನಾಯ್ತೀಗ? ಎರಡು ಕಾಳು ತಾನೇ?"

"ತೆಗಿ ಅಂದ್ನಲ್ಲ."

ತೆಗೆದ. ಆದರೆ ಕಾಳನ್ನು ವಾಪಸ್ ಸಾಲಿಗೆ ಇಡಲಿಲ್ಲ. ಅಬ್ದೋನ್ ನನ್ನ ದೊಡ್ಡಪ್ಪನ ಮಗ, ಊರಿನ ಹೇಸರಗತ್ತೆಯವರಿಗೆಲ್ಲ ಮುಖ್ಯಸ್ಥ. ಅರವತ್ತು ದಾಟಿದ ಮೇಲೆ ಅವನಿಗೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಕಾಳಿನ ವಿಷಯ ಇಷ್ಟೇ. ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನದೊಳಗೆ ನಾಲ್ಕೋ ಎಂಟೋ ದಿನ ನಡೆಯಲು ಬರುವವರಿಗೆ ದಾರಿ ಹಾಕಿಕೊಡುವುದು ನನ್ನ ಕೆಲಸ. ಯಾವ ರಾತ್ರಿ ಯಾವ ಹುಲ್ಲುಗಾವಲಲ್ಲಿ ಡೇರೆ, ಎಲ್ಲಿ ನೀರು ಹೆಪ್ಪುಗಟ್ಟಿರುತ್ತದೆ, ಯಾವ ಗೇಟಿನಲ್ಲಿ ಚೀಟಿ ತೋರಿಸಬೇಕು, ಎಷ್ಟು ಹೇಸರಗತ್ತೆ, ಎಷ್ಟು ಆಲೂಗಡ್ಡೆ, ಎಲ್ಲವೂ ಈ ಮೇಜಿನ ಮೇಲೆಯೇ ತೀರ್ಮಾನ ಆಗಬೇಕು. ನನಗೆ ಓದು ಬರಹ ಬರುತ್ತದೆ. ಆದರೆ ಬರೆದು ಗೋಡೆಗೆ ಅಂಟಿಸಿದರೆ ಹೇಸರಗತ್ತೆಯವರು ಅದರ ಮುಂದೆ ನಿಂತು ಹರಟೆ ಹೊಡೆಯುತ್ತಾರೆಯೇ ಹೊರತು ಓದುವುದಿಲ್ಲ. ಕಾಳಾದರೆ ನೋಡುತ್ತಾರೆ. ಕಪ್ಪು ಕಾಳು ನಡೆಯುವ ದಿನ. ಕೆಂಪು ಕಾಳು ಘಟ್ಟದ ನೆತ್ತಿ ದಾಟುವ ದಿನ. ಬಿಳಿ ಕಾಳು ಸುಮ್ಮನೆ ಕೂರುವ ದಿನ, ರಕ್ತ ಎತ್ತರಕ್ಕೆ ಹೊಂದಿಕೊಳ್ಳುವ ತನಕ ಒಂದೇ ಜಾಗದಲ್ಲಿ ಬಿದ್ದಿರುವ ದಿನ.

ಬಿಳಿ ಕಾಳಿಗಾಗಿ ನಾನು ಮಾಡಿದಷ್ಟು ಜಗಳ ಗಂಡನ ಜೊತೆಗೂ ಮಾಡಿಲ್ಲ. ಊರೂರು ತಿರುಗುವ ವಿದೇಶಿ ಗ್ರಿಂಗೊಗಳಿಗೆ ಸುಮ್ಮನೆ ಕೂರು ಎಂದರೆ ಅವಮಾನ. ಹೋದ ಜುಲೈಯಲ್ಲಿ ಒಬ್ಬ ಹಾಲೆಂಡಿನವನು ತನ್ನ ಕೈಗಡಿಯಾರ ನನ್ನ ಮೂಗಿಗೆ ಹಿಡಿದು, ಅದರಲ್ಲಿ ಎತ್ತರ, ನಾಡಿಮಿಡಿತ, ಎಲ್ಲ ಕಾಣುತ್ತದೆ, ತನಗೆ ವಿಶ್ರಾಂತಿ ಬೇಡ ಎಂದ. "ನಡೆಯೋದು ನೀನೋ ನಿನ್ನ ಗಡಿಯಾರನೋ?" ಎಂದೆ. ಎರಡು ದಿನ ಮುಖ ಊದಿಸಿಕೊಂಡು ಅಂಗಳದಲ್ಲಿ ಕೂತಿದ್ದ. ಆಮೇಲೆ ಘಟ್ಟ ಹತ್ತಿ, ಇಳಿದು, ಬಂದು ನನ್ನ ಕೈ ಕುಲುಕಿ ಹೋದ. ಇಪ್ಪತ್ತಾರು ವರ್ಷದಲ್ಲಿ ನಾನು ಕಳಿಸಿದ ಹೊರಗಿನವರಲ್ಲಿ ಒಬ್ಬರೂ ಹೆಣವಾಗಿ ಇಳಿದಿಲ್ಲ. ಅದನ್ನು ನೆನೆದಾಗಲೂ ನನಗೆ ಸಿಟ್ಟು ಬರುತ್ತದೆ. ಯಾಕೆ ಎಂದು ಹೇಳುತ್ತೇನೆ.

ಹುಡುಗಿ ಎಂದರೆ ಮಿಲೆನಾ, ನನ್ನ ಅಣ್ಣ ಸೋಸಿಮೊನ ಮಗಳು. ಹುಟ್ಟಿದ್ದು, ಬೆಳೆದದ್ದು ಲಿಮಾದ ಪಕ್ಕದ ಕಯ್ಯಾವೊ ಬಂದರಿನಲ್ಲಿ, ಸಮುದ್ರದ ಮಟ್ಟದಲ್ಲಿ. ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ವಾರ ರಜೆ ತೆಗೆದುಕೊಂಡು ಹಿಂದಿನ ದಿನ ಬಸ್ಸಿಳಿದು ಬಂದಿದ್ದಳು. ಬಂದವಳೇ ಚೀಲದಿಂದ ಒಂದು ಬೂದು ಬಣ್ಣದ ನುಣುಪು ಕಲ್ಲು ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ನೋಡಿ ನಾನು ಒಲೆಯ ಕಡೆ ತಿರುಗಿಕೊಂಡೆ. ಅದು ಕಯ್ಯಾವೊದ ಕಡಲ ದಂಡೆಯ ಕಲ್ಲು. ಯಾನಕುಂಕ ಘಟ್ಟದ ನೆತ್ತಿಯಲ್ಲಿ ಕಲ್ಲಿನ ಗುಡ್ಡೆ ಇದೆ. ದಾಟುವವರು ಕೆಳಗಿಂದ ಒಂದು ಕಲ್ಲು ಹೊತ್ತು ತಂದು, ದಣಿವನ್ನು ಅದರ ಜೊತೆ ಅಲ್ಲಿ ಬಿಟ್ಟು ಹೋಗುತ್ತಾರೆ. ನಾಲ್ಕು ವರ್ಷದ ಹಿಂದೆ ಸೋಸಿಮೊ ಇದೇ ಕಲ್ಲನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಗುಡ್ಡೆಯ ತನಕ ಅದು ಹೋಗಲಿಲ್ಲ. ಅವನ ಬಟ್ಟೆಯ ಜೊತೆ ನಾನೇ ಲಿಮಾಕ್ಕೆ ಕಳಿಸಿದ್ದೆ.

"ಅಪ್ಪನ ಕಲ್ಲು ನಾನು ಇಟ್ಟು ಬರ್ತೀನಿ ಅತ್ತೆ," ಅಂದಿದ್ದಳು. ಅಷ್ಟೇ ಅವಳಿಗೆ ಬೇಕಿದ್ದದ್ದು.

ಈಗ ಅವಳು ಬೆಂಚಿನ ಮೇಲೆ ಕೂತು ಆಲೂಗಡ್ಡೆ ಸಾರು ಕುಡಿಯುತ್ತಿದ್ದಳು. ಕಾಲ ಬಳಿ ಊಟಕ್ಕೆಂದು ಸಾಕಿದ ಗಿನಿಯಿಲಿಗಳು ಸಿಪ್ಪೆಗೆ ಕಿತ್ತಾಡುತ್ತಿದ್ದವು. ಹುಡುಗಿ ಸಾರಿಗೆ ಮೇಲಿಂದ ಉಪ್ಪು ಸುರಿದುಕೊಂಡಳು. ಬೇಯಿಸಿದ ಆಲೂಗಡ್ಡೆಗೆ ಉಪ್ಪು, ಹುರಿದ ಜೋಳಕ್ಕೆ ಉಪ್ಪು. ಕೊನೆಗೆ ಬೆರಳಿಗೆ ಅಂಟಿದ ಉಪ್ಪನ್ನೂ ನೆಕ್ಕಿದಳು. ನನ್ನ ಅಡುಗೆಗೆ ಹೀಗೆ ಮಾಡುವವರನ್ನು ಕಂಡರೆ ನನಗಾಗದು. ಆದರೂ ಅಣ್ಣನ ಮಗಳು ಎಂದು ಸುಮ್ಮನಿದ್ದೆ.

"ನೋಡು ಮಗಳೇ," ಅಬ್ದೋನ್ ಅವಳ ಕಡೆ ತಿರುಗಿದ. ನನ್ನ ಜೊತೆ ವಾದಿಸಿ ಗೆಲ್ಲಲಾಗದವರು ಯಾವಾಗಲೂ ಹೀಗೇ ಪಕ್ಕದವರ ಕಡೆ ತಿರುಗುತ್ತಾರೆ. "ಕಪ್ಪು, ಕಪ್ಪು, ಕೆಂಪು, ಕಪ್ಪು. ನಾಲ್ಕು ದಿನ. ಐದನೇ ದಿನ ಬಸ್ಸು. ನಿನ್ನ ರಜಕ್ಕೆ ಸರಿಯಾಯ್ತು, ನನ್ನ ಹೇಸರಗತ್ತೆಗೂ ಸರಿಯಾಯ್ತು. ಶನಿವಾರ ಅವಕ್ಕೆ ಬೇರೆ ಗುಂಪಿದೆ."

"ನಂಗೂ ಅದೇ ಸರಿ ಅನ್ಸುತ್ತೆ," ಅಂದಳು ಮಿಲೆನಾ. "ಎರಡು ದಿನ ಜಾಸ್ತಿ ಅಂದ್ರೆ ಅಂಗಡಿಯವ್ರು ಒಪ್ಪಲ್ಲ ಅತ್ತೆ. ಕೆಲ್ಸದಿಂದಲೇ ತೆಗೆದ್ರೂ ತೆಗೀಬಹುದು."

"ತೆಗೀಲಿ," ಅಂದೆ.

"ಹೇಳೋಕೆ ಸುಲಭ."

"ಹತ್ತೋಕೆ ಕಷ್ಟ. ಅದಕ್ಕೇ ಹೇಳ್ತಿರೋದು. ನಿನ್ನೆ ಸಮುದ್ರದಿಂದ ಬಂದಿದೀಯ. ಇವತ್ತು ಈ ಊರಲ್ಲೇ ಮೂರು ಸಾವಿರ ಮೀಟರ್ ಮೇಲೆ ಕೂತಿದೀಯ. ಒಂದು ದಿನ ಇಲ್ಲಿ ಕೂರ್ಬೇಕು. ಮೊದಲನೇ ಹುಲ್ಲುಗಾವಲಲ್ಲಿ ಇನ್ನೊಂದು ದಿನ ಕೂರ್ಬೇಕು. ಆಮೇಲೆ ಘಟ್ಟದ ಮಾತು."

ಅಬ್ದೋನ್ ನಕ್ಕ. ಕೋಕಾ ಎಲೆ ಜಗಿದು ಹಸಿರಾದ ಹಲ್ಲು ಕಾಣಿಸಿತು. "ಎಲ್ಲಾ ಗ್ರಿಂಗೊಗಳಿಗೆ ಹೇಳೋ ಪಾಠ ಅದು. ಇವಳ ಅಜ್ಜ ಯಾರು? ಆ ಘಟ್ಟವನ್ನ ವಾರಕ್ಕೆರಡು ಸಲ ಉಪ್ಪಿನ ಮೂಟೆ ಹೊತ್ತು ದಾಟ್ತಿದ್ದೋನು. ರಕ್ತ ಎಲ್ಲಿಗೆ ಹೋಗುತ್ತೆ?"

"ಬಸ್ಸು ಹತ್ತಿ ಲಿಮಾಕ್ಕೆ ಹೋಗುತ್ತೆ!" ನಾನು ಸೌಟನ್ನು ಮೇಜಿಗೆ ಬಡಿದೆ. ಕಾಳೆಲ್ಲ ಒಮ್ಮೆ ನೆಗೆದು ಕೂತವು. "ಹೋಗಿ ಅಲ್ಲೇ ಇಪ್ಪತ್ತೇಳು ವರ್ಷ ಕೂತ್ಕೊಳ್ಳುತ್ತೆ. ಆಮೇಲೆ ಅದು ಊರಿನ ರಕ್ತ ಅಲ್ಲ, ಸಮುದ್ರದ ರಕ್ತ. ನಿಂಗೆ ಇದು ಗೊತ್ತಿಲ್ವಾ ಅಬ್ದೋನಣ್ಣ? ನಿಜವಾಗ್ಲೂ ಗೊತ್ತಿಲ್ವಾ?"

ಅವನ ನಗು ನಿಂತಿತು. ನೆಲ ನೋಡಿದ. ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಅದೇ ಮಾತು ಆಡುತ್ತಿದ್ದಾನಲ್ಲ ಎಂದು ಅವನ ಟೋಪಿ ಕಿತ್ತು ಒಲೆಗೆ ಹಾಕುವಷ್ಟು ಕೋಪ ಬಂತು. ನಮ್ಮ ಊರೇ ಹೀಗೆ. ಇಲ್ಲಿ ಹುಟ್ಟಿದವನಿಗೆ ಎತ್ತರದ ಕಾಯಿಲೆ ಬರುತ್ತದೆ ಎಂದರೆ ಅವನ ಅಮ್ಮನನ್ನೇ ಬೈದಂತೆ. ಸೊರೊಚೆ ಎನ್ನುವುದು ಹೊರಗಿನವರ ಕಾಯಿಲೆ, ನಮ್ಮದು ಎಂದರೆ ಬರೀ ಆಯಾಸ, ಬರೀ ಶೀತ, ಬರೀ ನಿನ್ನೆಯ ಊಟದ ಅಜೀರ್ಣ.

"ಅತ್ತೆ, ನಂಗೇನೂ ಆಗಿಲ್ಲ. ಸ್ವಲ್ಪ ತಲೆನೋವು, ಅಷ್ಟೇ," ಅಂದಳು ಮಿಲೆನಾ. "ಮಾತ್ರೆ ತಂದಿದೀನಿ."

"ನಿಮ್ಮಪ್ಪನೂ ಹಾಗೇ ಅಂದಿದ್ದು. ಸ್ವಲ್ಪ ತಲೆನೋವು, ಅಷ್ಟೇ ಅಂತ."

ಬಾಯಿಂದ ಜಾರಿಹೋಯಿತು. ಮಿಲೆನಾ ಚಮಚ ಕೆಳಗಿಟ್ಟಳು.

"ಅಪ್ಪಂಗೆ ಹೃದಯ ನಿಂತುಹೋಯ್ತು ಅಂತ ಹೇಳಿದ್ರಿ."

ಅಬ್ದೋನ್ ಎದ್ದ. "ಹೇಸರಗತ್ತೆಗೆ ನೀರು ತೋರಿಸ್ಬೇಕು," ಅಂದ.

"ಕೂತ್ಕೋ," ಅಂದೆ. "ನೀನೂ ಕೇಳು. ನಾಲ್ಕು ವರ್ಷದಿಂದ ತಪ್ಪಿಸ್ಕೊಂಡಿದ್ದು ಸಾಕು, ನೀನೂ, ನಾನೂ."

ಅವನು ಕೂತ. ನಾನು ಹೇಳಿದೆ. ಹೇಳುವಾಗ ಅಳಲಿಲ್ಲ. ಸಿಟ್ಟು ಅಷ್ಟಿತ್ತು.

ಸೋಸಿಮೊ ಹತ್ತೊಂಬತ್ತಕ್ಕೆ ಊರು ಬಿಟ್ಟವನು. ಅಮ್ಮ ಸತ್ತಾಗ ಒಮ್ಮೆ ಬಂದು ಎರಡೇ ದಿನಕ್ಕೆ ಓಡಿದ್ದ. ನಲವತ್ತಾರನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಫೋನ್ ಮಾಡಿ, "ಫಾಸ್ತಾ, ಯಾನಕುಂಕ ದಾಟ್ಬೇಕು ಅನ್ನಿಸ್ತಿದೆ ಕಣೆ," ಎಂದ. ನಾನು ಇದೇ ಮೇಜಿನ ಮೇಲೆ ಕಾಳು ಜೋಡಿಸಿದೆ. ಎರಡು ಬಿಳಿ ಕಾಳೂ ಇಟ್ಟಿದ್ದೆ, ಅದು ಸತ್ಯ. ಅವನು ಬಂದು ನೋಡಿದ. ಅವನ ಮುಖ ಸಣ್ಣದಾಯಿತು.

"ನಾನೇನು ಗ್ರಿಂಗೊನಾ?" ಅಂದ.

ಅಬ್ದೋನ್, ಅವನ ತಮ್ಮಂದಿರು, ಅಂಗಳದಲ್ಲಿದ್ದ ಎಲ್ಲರೂ ನಕ್ಕರು. ಸೋಸಿಮೊ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆಗ ನಾನು ಏನು ಮಾಡಿದೆ? ಎರಡು ಬಿಳಿ ಕಾಳನ್ನು ತೆಗೆದು ಗಿನಿಯಿಲಿಗಳ ಮುಂದೆ ಎಸೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣ ನನ್ನ ತಲೆ ಹಿಡಿದು ನೆತ್ತಿಗೆ ಮುತ್ತು ಕೊಟ್ಟ. ನನಗೂ ಹೆಮ್ಮೆ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯವನು, ನಮ್ಮಪ್ಪನ ಮಗ, ಇವನಿಗೆ ಹೊರಗಿನವರ ಲೆಕ್ಕ ಯಾಕೆ ಅನ್ನಿಸಿತು.

ಅವನ ಜೊತೆ ಹೇಸರಗತ್ತೆಗೆ ಅಬ್ದೋನ್, ಅಡುಗೆಗೆ ನಾನೇ ಹೋಗಿದ್ದೆವು. ಮೊದಲನೇ ದಿನ ಹಾಡಿಕೊಂಡು ನಡೆದ. ಎರಡನೇ ದಿನ ಸಂಜೆ ಮೇಲಿನ ಹುಲ್ಲುಗಾವಲು ಸೇರುವಾಗ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಊಟ ಬೇಡ ಎಂದ. ಕೆಮ್ಮುತ್ತಿದ್ದ. ಆ ಕೆಮ್ಮು ನನಗೆ ಗೊತ್ತಿತ್ತು. ಎದೆಯೊಳಗೆ ನೀರು ಗುಳುಗುಳು ಎನ್ನುವ ಕೆಮ್ಮು. ಹಾಲೆಂಡಿನವನು ಹಾಗೆ ಕೆಮ್ಮಿದ್ದರೆ ಅವನ ಕತ್ತುಪಟ್ಟಿ ಹಿಡಿದು ಅದೇ ಗಳಿಗೆಯಲ್ಲಿ ಕೆಳಗೆ ಇಳಿಸುತ್ತಿದ್ದೆ. ಆದರೆ ಅಣ್ಣ "ಶೀತ ಕಣೆ, ಬೆಳ್ಳುಳ್ಳಿ ಸಾರು ಮಾಡು," ಎಂದ. ನಾನು ಬೆಳ್ಳುಳ್ಳಿ ಸಾರು ಮಾಡಿದೆ. ಅಬ್ದೋನ್, "ಲಿಮಾದ ಧೂಳು, ಕೆಮ್ಮಿ ಉಗುಳು," ಎಂದು ತಮಾಷೆ ಮಾಡಿದ. ಬೆಳಗ್ಗೆ ಅವನು ಉಗುಳಿದ್ದು ಗುಲಾಬಿ ಬಣ್ಣದ ನೊರೆ. ಹೇಸರಗತ್ತೆಗೆ ಕಟ್ಟಿ ಇಳಿಸಿದೆವು. ಹೊಳೆ ದಾಟುವ ಮೊದಲೇ ಹೋದ. ಹಗಲು ಹತ್ತು ಗಂಟೆ, ಒಳ್ಳೆ ಬಿಸಿಲಿತ್ತು.

"ಊರಿಗೆ ಬಂದು ಹೆಣ ಇಳಿಸಿದಾಗ ಎಲ್ಲಾರೂ ಸೇರಿ ಬೆಟ್ಟ ಕರೀತು ಅಂದ್ರು," ಅಂದೆ. "ಬೆಟ್ಟಕ್ಕೆ ಬಾಯಿಲ್ವಲ್ಲ, ಹೊರಿಸಿದ್ದು ಹೊತ್ಕೊಳ್ಳುತ್ತೆ. ನಿಮ್ಮಮ್ಮಂಗೆ ಫೋನಲ್ಲಿ ಅದನ್ನ ಹೇಳೋಕಾಗ್ಲಿಲ್ಲ. ಹೃದಯ ಅಂದೆ. ಸೊರೊಚೆ ಅಂತ ಹೇಳಿದ್ರೆ, ದಾರಿ ಹಾಕಿದ್ದು ಯಾರು ಅಂತ ಕೇಳ್ತಾಳಲ್ಲ."

ಅಬ್ದೋನ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡಿದ್ದ. "ಫಾಸ್ತಾ ಒಬ್ಬಳದ್ದೇ ಅಲ್ಲ," ಎಂದ, ಬಹಳ ಮೆಲ್ಲಗೆ. "ನಾವೆಲ್ಲ ನಕ್ವಿ."

ಆ ಮಾತು ನಾಲ್ಕು ವರ್ಷದ ಹಿಂದೆ ಆಡಬೇಕಿತ್ತು ಅವನು. ಈಗ ಆಡಿದ್ದಕ್ಕೂ ನನಗೆ ಸಿಟ್ಟೇ ಬಂತು.

ಮಿಲೆನಾ ಕಡಲ ಕಲ್ಲನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದಳು. ಅವಳು ಅಳುತ್ತಾಳೆ ಎಂದುಕೊಂಡೆ. ಬೈದರೆ ಬೈಯಲಿ ಎಂದು ಕೈಕಟ್ಟಿ ಕೂತೆ.

"ಆವತ್ತು ಅಪ್ಪ ಫೋನ್ ಮಾಡಿದ್ರು," ಅಂದಳು ಕೊನೆಗೆ. "ಇಲ್ಲಿಂದಲೇ. 'ನಿಮ್ಮತ್ತೆ ನನ್ನ ಬಿಳಿ ಕಾಳು ತೆಗೆದುಬಿಟ್ಟಳು ಕಣೆ, ನಾನಿನ್ನೂ ಊರೋನೇ ಅಂತೆ' ಅಂತ. ನಗ್ತಾ ಇದ್ರು. ಬಂದರಲ್ಲಿ ಎಲ್ಲಾರೂ ಅವರನ್ನ ಬೆಟ್ಟದೋನು, ಬೆಟ್ಟದೋನು ಅಂತ ಆಡಿಕೊಳ್ತಿದ್ರು. ಅಷ್ಟು ಖುಷಿಯಾಗಿ ಮಾತಾಡಿದ್ದು ನಾನು ಕೇಳಿರ್ಲಿಲ್ಲ. ಬಿಳಿ ಕಾಳು ಅಂದ್ರೆ ದೃಷ್ಟಿ ತೆಗೆಯೋ ಶಾಸ್ತ್ರ ಏನೋ ಅಂದ್ಕೊಂಡಿದ್ದೆ."

ಅವನು ಖುಷಿಯಾಗಿದ್ದನಂತೆ. ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸತ್ತವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಊರವನು ಅನ್ನಿಸಿಕೊಳ್ಳಲು ಇದೊಂದೇ ದಾರಿ ಇತ್ತೇ ನಿನಗೆ? ಕೂತು ಎರಡು ದಿನ ನನ್ನ ಸಾರು ಕುಡಿದಿದ್ದರೆ ನಿನ್ನನ್ನು ಊರು ಹೊರಗೆ ಹಾಕುತ್ತಿತ್ತೇ? ಹಾಕುತ್ತಿರಲಿಲ್ಲ. ನಾಲ್ಕು ಜನ ನಗುತ್ತಿದ್ದರು, ಅಷ್ಟೇ. ಆ ನಾಲ್ಕು ಜನರ ನಗುವಿಗೆ ಹೆದರಿ ಅವನೂ ಹತ್ತಿದ, ನಾನೂ ಕಾಳು ಎಸೆದೆ.

"ಅತ್ತೆ, ಒಂದು ವಿಷ್ಯ ಹೇಳ್ತೀನಿ," ಅಂದಳು ಮಿಲೆನಾ. ಅವಳ ದನಿ ಬದಲಾಗಿತ್ತು. "ನಾನು ಇಷ್ಟು ಉಪ್ಪು ಹಾಕ್ಕೊಳ್ಳೋದು ನೋಡಿ ನಿನ್ನೆಯಿಂದ ನೀವು ಮುಖ ಸಿಂಡರಿಸ್ತಿದೀರಿ. ನಾನು ನೋಡಿದೆ."

"ಅದೀಗ ಯಾಕೆ?"

"ನಮ್ಮನೇಲಿ ಉಪ್ಪಿಲ್ಲ. ನಾಲ್ಕು ವರ್ಷದಿಂದ. ಹೃದಯ ನಿಂತಿದ್ದು ತನ್ನ ಅಡುಗೆಯಿಂದಲೇ ಅಂತ ಅಮ್ಮಂಗೆ. ಅಪ್ಪಂಗೆ ಉಪ್ಪುಮೀನು ಅಂದ್ರೆ ಪ್ರಾಣ, ದಿನಾ ಮಾಡಿ ಹಾಕ್ತಿದ್ಲಲ್ಲ. ಡಾಕ್ಟರ್ ಒಂದ್ಸಲ ಬೇಡ ಅಂದಿದ್ರಂತೆ, ಅವಳು ಕೇಳಿರ್ಲಿಲ್ಲವಂತೆ. ನಾನೇ ಕೊಂದೆ, ನಾನೇ ಕೊಂದೆ ಅಂತ ಮನೇಲಿದ್ದ ಉಪ್ಪನ್ನೆಲ್ಲ ಮೋರಿಗೆ ಸುರಿದಳು. ಇವತ್ತಿಗೂ ಚಿಟಿಕೆ ಮುಟ್ಟಲ್ಲ. ನಾನು ಹೊರಗಡೆ ತಿಂತೀನಿ, ಅವಳು ಸಪ್ಪೆ ತಿಂತಾಳೆ."

ಇರ್ಮಾ ಅತ್ತಿಗೆಯನ್ನು ನಾನು ನೋಡಿದ್ದು ಒಂದೇ ಸಲ. ದಪ್ಪಗೆ, ಗಟ್ಟಿ ದನಿಯಲ್ಲಿ ಮಾತಾಡುವ, ಬಡಿಸುವಾಗ ಸಾಕು ಎಂದರೂ ಕೇಳದ ಹೆಂಗಸು. ನನ್ನ ಒಂದು ಸುಳ್ಳನ್ನು ಅವಳು ನಾಲ್ಕು ವರ್ಷ ದಿನಕ್ಕೆ ಮೂರು ಹೊತ್ತು ನುಂಗಿದ್ದಾಳೆ.

ಮಿಲೆನಾ ಕೈಚಾಚಿ, ಅಬ್ದೋನ್ ಆಚೆ ತಳ್ಳಿದ್ದ ಎರಡು ಬಿಳಿ ಕಾಳನ್ನು ಹೆಕ್ಕಿದಳು. ಸಾಲಿಗೆ ಇಡಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೂರ್ತೀನಿ," ಅಂದಳು. "ನೀವು ಹೇಳಿದಷ್ಟು ದಿನ ಕೂರ್ತೀನಿ. ಅಂಗಡಿಯವ್ರು ಏನಾದ್ರೂ ಮಾಡ್ಕೊಳ್ಳಿ. ನಾನು ಊರೋಳಲ್ಲ, ಗ್ರಿಂಗೊ ಅಂತಲೇ ಇಟ್ಕೊಳ್ಳಿ. ಅಮ್ಮಂಗೆ ನಾನೊಬ್ಬಳೇ ಇರೋದು. ಆದ್ರೆ ಈ ಕಾಳು ಮೇಜಿನ ಮೇಲೆ ಬರ್ಬೇಕಂದ್ರೆ ನೀವು ಈಗ್ಲೇ ಅವಳಿಗೆ ಫೋನ್ ಮಾಡ್ಬೇಕು. ನಾನು ಹೇಳಲ್ಲ. ನೀವೇ ಹೇಳ್ಬೇಕು."

"ಸಂಜೆ ಮಾಡ್ತೀನಿ."

"ಈಗ್ಲೇ. ಇಲ್ಲಾಂದ್ರೆ ನಾನು ದೊಡ್ಡಪ್ಪನ ಜೊತೆ ನಾಳೆ ಹೊರಡ್ತೀನಿ. ಕಪ್ಪು, ಕಪ್ಪು, ಕೆಂಪು, ಕಪ್ಪು."

ಸೋಸಿಮೊನದೇ ಹಟ. ಗದ್ದ ಕೂಡ ಅವನದೇ. ಅವಳ ಕಪಾಳಕ್ಕೆ ಬಿಡಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಅಬ್ದೋನ್ ಕಡೆ ತಿರುಗಿ, "ಕೇಳಿಸ್ತಾ? ನಾಳೆ ಹೇಸರಗತ್ತೆ ಬೇಡ," ಎಂದೆ.

"ಶನಿವಾರದ ಗುಂಪಿಗೆ ನನ್ನ ಅಳಿಯನ ಹೇಸರಗತ್ತೆಗಳನ್ನ ಕಳಿಸ್ತೀನಿ," ಎಂದ ಅವನು. "ಇವಳ ಜೊತೆ ನಾನೇ ಬರ್ತೀನಿ. ಎಷ್ಟು ದಿನ ಆದ್ರೂ ಸರಿ."

"ಬಂದ್ರೆ ಬಾಯಿ ಮುಚ್ಕೊಂಡು ಬರ್ಬೇಕು. ರಕ್ತ, ಅಜ್ಜ, ಉಪ್ಪಿನ ಮೂಟೆ, ಒಂದು ಮಾತು ಬಂದ್ರೂ ಹೊಳೆಗೆ ತಳ್ತೀನಿ."

"ಆಯ್ತು ತಾಯಿ," ಎಂದ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹೇಸರಗತ್ತೆಯ ದೊಡ್ಡಿಯ ಗೋಡೆ ಹತ್ತಿ ಕೂತರೆ ಮಾತ್ರ. ಐವತ್ತು ಸಮೀಪಿಸಿದ ಹೆಂಗಸು, ಲಂಗ ಎತ್ತಿ ಹಿಡಿದು ಗೋಡೆ ಹತ್ತಿದೆ. ಎದುರಿಗೆ ಯಾನಕುಂಕ ಬಿಸಿಲಿಗೆ ಬೆಳ್ಳಗೆ ಕೂತಿತ್ತು. ಅದಕ್ಕೂ ಬೈದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಮಿಲೆನಾ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು, ಮುಷ್ಟಿ ಬಿಚ್ಚಿರಲಿಲ್ಲ.

ಮೂರು ಸಲ ಗಂಟೆ ಹೊಡೆಯಿತು. ಎತ್ತದಿರಲಿ ಎಂದು ಬೇಡಿಕೊಂಡೆ. ಎತ್ತಿದಳು. ಹಿಂದೆ ಪಾತ್ರೆಯ ಸದ್ದು, ಏನೋ ಬೇಯುವ ಸದ್ದು. ಅಡುಗೆಮನೆಯಲ್ಲೇ ಇದ್ದಳು.

"ಫಾಸ್ತಾ? ಏನಾಯ್ತು? ಮಿಲೆನಾ ಚೆನ್ನಾಗಿದಾಳಾ?" ಆ ಗಟ್ಟಿ ದನಿ ಈಗ ಇರಲಿಲ್ಲ.

"ಚೆನ್ನಾಗಿದಾಳೆ. ಅವಳಿಗೇನೂ ಆಗಿಲ್ಲ, ಆಗೋಕೆ ನಾನು ಬಿಡಲ್ಲ." ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. "ಒಲೆ ಮೇಲೆ ಏನಿದೆ ಅತ್ತಿಗೆ?"

"ಸಾರು. ಯಾಕೆ?"

"ಆರಿಸಿ ಕೂತ್ಕೋ," ಅಂದೆ. "ಅಣ್ಣ ಹೋಗಿದ್ದು ನಿನ್ನ ಉಪ್ಪಿಂದ ಅಲ್ಲ. ನನ್ನಿಂದ."